ಪಡಸಾಲೆಯೂ ಅಡುಗೆಮನೆಯೂ ಒಂದೇ ಮನೆಯವು

ಓದುಗರ ಪತ್ರ: ‘ಐಯಾಮ್ ಸ್ಟಿಲ್ ಹಿಯರ್’, ‘ದಿ ಸೀಕ್ರೆಟ್ ಏಜೆಂಟ್’ ನೋಡಿ ಬೆರಗಾದೆ. ಅದೇ ಉಮೇದಿನಲ್ಲಿ ‘ಅವೆನಿದಾ ಬ್ರಸಿಲ್’ ಧಾರಾವಾಹಿಗೆ ಕೂತರೆ ಹನ್ನೆರಡು ಕಂತಿಗೇ ಸಾಕಾಯಿತು. ಬರೀ ಕಿರುಚಾಟ, ಸೇಡು, ಕಣ್ಣೀರು. ಇಷ್ಟು ಒಳ್ಳೆಯ ಸಿನಿಮಾ ಮಾಡುವ ಬ್ರೆಜಿಲ್ ಇಂಥ ಟಿ.ವಿ.ಯನ್ನು ಹೇಗೆ ಸಹಿಸುತ್ತದೆ? ಅವರ ಸಿನಿಮಾಗಳಲ್ಲಾದರೂ ಸರ್ವಾಧಿಕಾರ, ಕೊಳೆಗೇರಿ ಬಿಟ್ಟು ಬೇರೆ ವಸ್ತುವಿಲ್ಲವೇ? ಆ ಕೂದಲುಗಾಲಿನ ಪ್ರಸಂಗವಂತೂ ತಲೆಬುಡ ತಿಳಿಯಲಿಲ್ಲ.
— ಓದುಗರು, ಶಿರಸಿ

ಸಂಪಾದಕರ ಉತ್ತರ:

ಹನ್ನೆರಡು ಕಂತಿಗೆ ನಿಲ್ಲಿಸಿದ್ದಕ್ಕೆ ನಮ್ಮ ತಕರಾರಿಲ್ಲ. ಆದರೆ ಸಿನಿಮಾ ಒಂದು ದೇಶದ್ದು, ಟಿ.ವಿ. ಇನ್ನೊಂದು ದೇಶದ್ದು ಎನ್ನುವಂತೆ ನೀವು ಗೆರೆ ಎಳೆದಿದ್ದೀರಲ್ಲ, ಅದನ್ನು ಒಪ್ಪುವುದು ಕಷ್ಟ. ನಿಮಗೆ ಮೆಚ್ಚುಗೆಯಾದ ಮುಖಗಳನ್ನೇ ತೆಗೆದುಕೊಳ್ಳಿ. ‘ಐಯಾಮ್ ಸ್ಟಿಲ್ ಹಿಯರ್’ (2024) ಚಿತ್ರದ ಯೂನಿಸಿ ಪಾಯ್ವಾ ಆಗಿರುವ ಫೆರ್ನಾಂದಾ ತೋರೆಸ್, ಬ್ರೆಜಿಲ್‌ನ ಮನೆಮನೆಗೂ ಗೊತ್ತಿರುವುದು ನಗಿಸುವ ನಟಿಯಾಗಿ. 2001ರಿಂದ 2003ರವರೆಗೆ ‘ಒಸ್ ನೊರ್ಮಾಯಿಸ್’, 2011ರಿಂದ 2015ರವರೆಗೆ ‘ತಾಪಾಸ್ ಇ ಬೇಯ್ಜೋಸ್’, ಎರಡೂ ಗ್ಲೋಬೋ ಚಾನೆಲ್‌ನ ಹಾಸ್ಯ ಧಾರಾವಾಹಿಗಳು. ‘ದಿ ಸೀಕ್ರೆಟ್ ಏಜೆಂಟ್’ಗೆ 2025ರಲ್ಲಿ ಕಾನ್ ಚಿತ್ರೋತ್ಸವದ ಶ್ರೇಷ್ಠ ನಟ ಪ್ರಶಸ್ತಿ ಪಡೆದ ವಾಗ್ನರ್ ಮೌರಾ, 2007ರ ‘ಪರಾಯಿಸೋ ತ್ರೊಪಿಕಾಲ್’ ಧಾರಾವಾಹಿಯ ಖಳ.

ಇದು ತಿಳಿದು ನೋಡಿದರೆ ಚಿತ್ರವೇ ಬೇರೆಯಾಗಿ ಕಾಣುತ್ತದೆ. ‘ಐಯಾಮ್ ಸ್ಟಿಲ್ ಹಿಯರ್’ನ ಒಂದು ದೃಶ್ಯ ಮತ್ತೆ ಹಾಕಿ ನೋಡಿ. ಗಂಡ ರೂಬೆನ್ಸ್‌ನನ್ನು 1971ರ ಜನವರಿಯಲ್ಲಿ ಮಿಲಿಟರಿಯವರು ಕರೆದುಕೊಂಡು ಹೋಗಿದ್ದಾರೆ, ತಿರುಗಿ ಬಂದಿಲ್ಲ. ವಾರಪತ್ರಿಕೆಯೊಂದರವರು ಮನೆಗೆ ಬಂದು ತಾಯಿ–ಮಕ್ಕಳನ್ನು ಸಾಲಾಗಿ ಕೂರಿಸಿ, ನಗಬೇಡಿ, ದುಃಖದ ಮುಖವಿರಲಿ ಅನ್ನುತ್ತಾರೆ. ನಗೋಣ ಅನ್ನುತ್ತಾಳೆ ಯೂನಿಸಿ. ಮಕ್ಕಳೆಲ್ಲ ನಗುತ್ತಾರೆ. ಧಾರಾವಾಹಿಯಾಗಿದ್ದರೆ ಅಲ್ಲಿ ಸಂಗೀತ ಏರಿ, ಕ್ಯಾಮೆರಾ ಕಣ್ಣೀರಿನ ಹತ್ತಿರ ಹೋಗುತ್ತಿತ್ತು. ಅಳುವುದು ಎಲ್ಲಿ ಎಂದು ಅರವತ್ತು ವರ್ಷದಿಂದ ಟಿ.ವಿ. ಕಲಿಸಿದ ಪ್ರೇಕ್ಷಕನ ಎದುರು, ನಗಿಸಿ ಅಭ್ಯಾಸವಿದ್ದ ಆ ಮುಖ ಅಳುವುದಿಲ್ಲ ಎಂದು ಹಟ ಹಿಡಿಯುತ್ತದೆ. ದೃಶ್ಯದ ಅರ್ಧ ಬಲ ಬಂದಿರುವುದೇ ಅಲ್ಲಿಂದ.

ಇನ್ನು ನೊವೆಲಾ, ಅಂದರೆ ಅಲ್ಲಿನ ಧಾರಾವಾಹಿಯ ಕಟ್ಟು. ನಮ್ಮ ಧಾರಾವಾಹಿ ಟಿ.ಆರ್.ಪಿ. ಇರುವ ತನಕ ವರ್ಷಗಟ್ಟಲೆ ಎಳೆಯುತ್ತದೆ. ನೊವೆಲಾ ಮುಗಿಯಲೆಂದೇ ಶುರುವಾಗುತ್ತದೆ. ಗ್ಲೋಬೋದಲ್ಲಿ ಸಂಜೆ ಆರರದ್ದು ಹಗುರ, ಹೆಚ್ಚಾಗಿ ಹಿಂದಿನ ಕಾಲದ ಕಥೆ. ಏಳರದ್ದು ನಗೆಯ ಕಥೆ. ಒಂಬತ್ತರದ್ದು ಭಾರದ ಕಥೆ. ಏಳಕ್ಕೂ ಒಂಬತ್ತಕ್ಕೂ ನಡುವೆ 1969ರಿಂದ ನಡೆದುಬಂದಿರುವ ‘ಜೊರ್ನಾಲ್ ನಾಸಿಯೊನಾಲ್’ ವಾರ್ತೆ. ನೊವೆಲಾ ಬರುವುದು ವಾರಕ್ಕೆ ಆರು ದಿನ. ‘ಅವೆನಿದಾ ಬ್ರಸಿಲ್’ 2012ರ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ 179 ಕಂತು ನಡೆಯಿತು. ಪ್ರಸಾರ ಶುರುವಾಗುವಾಗ ಕೆಲವು ವಾರದ ಕಂತು ಮಾತ್ರ ಕೈಯಲ್ಲಿರುತ್ತವೆ. ಉಳಿದದ್ದನ್ನು ಬರೆಯುವುದು, ಚಿತ್ರೀಕರಿಸುವುದು, ಜನ ನೋಡುವುದು ಎಲ್ಲ ಜೊತೆಜೊತೆಗೇ. ಜನಕ್ಕೆ ಹಿಡಿಸಿದ ಸಣ್ಣ ಪಾತ್ರ ಬೆಳೆಯುತ್ತದೆ, ಹಿಡಿಸದ ಪ್ರೇಮ ಒಣಗುತ್ತದೆ. ಇದನ್ನು ಅವರು ‘ತೆರೆದ ಕೃತಿ’ ಅನ್ನುತ್ತಾರೆ.

ಹೀಗಾಗಿ ನೋಡುವ ಕ್ರಮವೂ ಸಿನಿಮಾದ್ದಲ್ಲ. ಮೊದಲ ಕಂತುಗಳಲ್ಲಿ ದುಡ್ಡು ಧಾರಾಳ, ಹೊರಾಂಗಣ ಹೆಚ್ಚು, ಕಥೆ ಓಡುತ್ತದೆ. ನಡುವೆ ಕಥೆ ನಿಂತಲ್ಲೇ ನಿಲ್ಲುವ ಭಾಗ ಬರುತ್ತದೆ, ಅದಕ್ಕೆ ಅಲ್ಲಿಯವರೇ ಇಟ್ಟ ಹೆಸರು ‘ಬಾಹಿಗಾ’, ಅಂದರೆ ಹೊಟ್ಟೆ. ಕಂತಿನ ಕೊನೆಯ ಕುತೂಹಲಕ್ಕೆ ‘ಗಾಂಶೋ’, ಕೊಕ್ಕೆ. ಹೊಟ್ಟೆ ಬಂದಾಗ ಕೊಕ್ಕೆ ಹಿಡಿದು ದಾಟಬೇಕು: ಕೊನೆಯ ಐದು ನಿಮಿಷ ಮಾತ್ರ ನೋಡಿ ಮುಂದಿನ ಕಂತಿಗೆ ಹೋದರೆ ಏನೂ ತಪ್ಪುವುದಿಲ್ಲ. ದಿನಕ್ಕೆ ಒಂದೇ ಕಂತು ಸಾಕು. ಒಂದೇ ಭಾನುವಾರ ಎಂಟು ಕಂತು ನೋಡಿದರೆ, ದಿನ ಬಿಟ್ಟು ದಿನ ನೋಡುವವರಿಗೆಂದು ಬರೆದ ಪುನರಾವರ್ತನೆಗಳೆಲ್ಲ ಒಟ್ಟಿಗೆ ಮೈಮೇಲೆ ಬೀಳುತ್ತವೆ. ನಿಮಗೆ ಕಿರುಚಾಟ ಅನ್ನಿಸಿದ್ದರಲ್ಲಿ ಇದರ ಪಾಲೂ ಇರಬಹುದು. ಹೊರದೇಶಕ್ಕೆ ಮಾರುವಾಗ ಕಂತುಗಳನ್ನು ಕತ್ತರಿಸಿ ಮರುಜೋಡಿಸುತ್ತಾರೆ, ಸಂಖ್ಯೆ ಬದಲಾಗುತ್ತದೆ. ನಿಮ್ಮ ಹನ್ನೆರಡನೆಯದು ಅವರ ಹನ್ನೆರಡನೆಯದು ಅಲ್ಲದಿರಬಹುದು. ಇಷ್ಟು ಉದ್ದ ಬೇಡವೆಂದರೆ 2025ರ ‘ಬೆಲೆಜಾ ಫತಾಲ್’ 40 ಕಂತಿಗೆ ಮುಗಿಯುತ್ತದೆ, ನೊವೆಲಾದ ರುಚಿಯೆಲ್ಲ ಅದರಲ್ಲಿದೆ.

ನೊವೆಲಾ ಬರೀ ಹೊತ್ತು ಕಳೆಯುವ ಸರಕು ಎಂದು ಆಳುವವರೂ ತಿಳಿದಿರಲಿಲ್ಲ. ‘ಹೋಕೆ ಸಂತೇರೊ’ ಎಂಬುದನ್ನು 1975ರಲ್ಲಿ ಮೊದಲ ಕಂತು ಬರಬೇಕಿದ್ದ ದಿನವೇ ಸೆನ್ಸಾರ್ ತಡೆಯಿತು. ಮಿಲಿಟರಿ ಆಡಳಿತ ಮುಗಿದ 1985ರಲ್ಲಿ ಅದನ್ನು ಬಹುಮಟ್ಟಿಗೆ ಹೊಸ ತಾರಾಗಣದೊಂದಿಗೆ ಮತ್ತೆ ತೆಗೆದರು, ದೇಶವೇ ಕೂತು ನೋಡಿತು. ಅದೇ ಗ್ಲೋಬೋ ಸಂಸ್ಥೆಯ ಪತ್ರಿಕೆ, 1964ರ ಮಿಲಿಟರಿ ದಂಗೆಯನ್ನು ಬೆಂಬಲಿಸಿದ್ದು ತಪ್ಪಾಯಿತೆಂದು 2013ರಲ್ಲಿ ಬರೆಯಿತು. ‘ಐಯಾಮ್ ಸ್ಟಿಲ್ ಹಿಯರ್’ ನಿರ್ಮಾಣದಲ್ಲಿ ಗ್ಲೋಬೋದ ಸ್ಟ್ರೀಮಿಂಗ್ ವೇದಿಕೆ ಗ್ಲೋಬೋಪ್ಲೇಯ ಕೈಯೂ ಇದೆ. ಇವನ್ನೆಲ್ಲ ಒಟ್ಟಿಗಿಟ್ಟು ನೋಡಬೇಕು. ಬ್ರೆಜಿಲ್‌ನವರು ಹಾಗೆಯೇ ನೋಡುತ್ತಾರೆ.

ಕೂದಲುಗಾಲಿನ ವಿಷಯ. ಆ ‘ಪೆರ್ನಾ ಕಬೆಲೂದಾ’ ‘ದಿ ಸೀಕ್ರೆಟ್ ಏಜೆಂಟ್’ನ ನಿರ್ದೇಶಕ ಕ್ಲೆಬೆರ್ ಮೆಂಡೊನ್ಸಾ ಫಿಲ್ಯೋ ಕಲ್ಪಿಸಿದ್ದಲ್ಲ. ದೇಹವಿಲ್ಲದ ಒಂಟಿ ಕಾಲೊಂದು ರಾತ್ರಿ ಜನರನ್ನು ಒದೆಯುತ್ತ ಓಡಾಡುತ್ತದೆ ಎಂಬ ಸುದ್ದಿ 1970ರ ದಶಕದಲ್ಲಿ ಈಶಾನ್ಯ ಬ್ರೆಜಿಲ್‌ನ ರೆಸಿಫೆ ನಗರದ ಪತ್ರಿಕೆ, ರೇಡಿಯೊಗಳಲ್ಲಿ ಹರಡಿದ್ದೇ. ಚಿತ್ರ ನಡೆಯುವುದು 1977ರಲ್ಲಿ. ಪೊಲೀಸರ ಹಿಂಸೆಯನ್ನು ಅಚ್ಚು ಹಾಕಲಾಗದ ಕಾಲದಲ್ಲಿ, ಉದ್ಯಾನದಲ್ಲಿ ರಾತ್ರಿ ಜನರನ್ನು ಹೊಡೆದವರು ಯಾರು ಎಂದರೆ ಕಾಲು ಹೊಡೆಯಿತು ಎಂದು ಬರೆಯಬಹುದಿತ್ತು. ಆ ಪ್ರಸಂಗ ಪೇಪರಿನ ಸುದ್ದಿಯನ್ನು ಗಟ್ಟಿಯಾಗಿ ಓದುವಾಗಲೇ ತೆರೆಯ ಮೇಲೆ ನಡೆಯುವುದನ್ನು ಗಮನಿಸಿ.

ಸರ್ವಾಧಿಕಾರ, ಕೊಳೆಗೇರಿ ಬಿಟ್ಟರೆ ಬೇರೆ ಇಲ್ಲವೇ ಎಂದಿರಿ. ನಮಗೆ ತಲುಪುವುದು ಚಿತ್ರೋತ್ಸವಗಳು ಆರಿಸಿ ಕಳಿಸಿದ್ದು. ಅಲ್ಲಿನ ಜನ ಟಿಕೆಟ್ ಕೊಂಡು ನೋಡುವುದರಲ್ಲಿ ಹಾಸ್ಯಕ್ಕೆ ದೊಡ್ಡ ಪಾಲಿದೆ: 2019ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ‘ಮಿಂಯಾ ಮಾಯ್ಂ ಎ ಉಮಾ ಪೆಸಾ 3’ ಚಿತ್ರವನ್ನು 1 ಕೋಟಿ 10 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಇಂಥವು ಗಡಿ ದಾಟುವುದು ಅಪರೂಪ.

ಎಲ್ಲಿಂದ ಶುರುಮಾಡಲಿ ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕೆನಿಸುತ್ತದೆ. ‘ಔತೊ ದಾ ಕೊಂಪಾದೆಸಿದಾ’. 1999ರಲ್ಲಿ ಗ್ಲೋಬೋದಲ್ಲಿ ನಾಲ್ಕು ಕಂತಿನ ಕಿರು ಧಾರಾವಾಹಿಯಾಗಿ ಬಂತು. ಅದನ್ನೇ ಕತ್ತರಿಸಿ 2000ದಲ್ಲಿ ಸಿನಿಮಾ ಮಾಡಿದರು. ಅದರಲ್ಲಿ ಹೆದರುಪುಕ್ಕಲ ಶಿಕೊ ಆಗಿರುವವರು ಸೆಲ್ತನ್ ಮೆಲ್ಲೊ, ಮೇರಿ ಮಾತೆಯಾಗಿ ಬರುವವರು ಫೆರ್ನಾಂದಾ ಮೊಂತೆನೆಗ್ರೊ. ಮುಂದೆ ‘ಐಯಾಮ್ ಸ್ಟಿಲ್ ಹಿಯರ್’ನಲ್ಲಿ ಅವರೇ ರೂಬೆನ್ಸ್ ಮತ್ತು ಮುದುಕಿ ಯೂನಿಸಿ.

ಆಮೇಲೆ ‘ದಿ ಸೆಕೆಂಡ್ ಮದರ್’ (2015). ಮನೆಗೆಲಸದ ವಾಲ್ ಆಗಿರುವ ರೆಜಿನಾ ಕಾಜೆ ಕೂಡ ಟಿ.ವಿ.ಯ ಪ್ರಖ್ಯಾತ ನಿರೂಪಕಿ. ವಾಲ್‌ಳ ಮಗಳು ಯಜಮಾನರ ಈಜುಕೊಳಕ್ಕೆ ಇಳಿಯುತ್ತಾಳೆ. ಇಲಿ ಕಂಡಿತೆಂದು ಯಜಮಾನಿತಿ ನೀರನ್ನೇ ಖಾಲಿ ಮಾಡಿಸುತ್ತಾಳೆ. ಮನೆಗೆಲಸದವರಿಗೆ ದಿನಕ್ಕೆ ಎಂಟು ಗಂಟೆಯ ಮಿತಿ ಕೊಟ್ಟ ಸಂವಿಧಾನ ತಿದ್ದುಪಡಿ ಬಂದದ್ದು 2013ರಲ್ಲಿ, ಚಿತ್ರಕ್ಕೆ ಎರಡೇ ವರ್ಷ ಮೊದಲು. ಇದನ್ನು ಇಂಗ್ಲಿಷ್ ಡಬ್ಬಿಂಗ್‌ನಲ್ಲಿ ನೋಡಬೇಡಿ. ವಾಲ್ ಯಜಮಾನಿತಿಯನ್ನು ಕರೆಯುವ ‘ದೋನಾ’, ನಮ್ಮ ‘ಅಮ್ಮಾವ್ರೆ’ ಇದ್ದಂತೆ. ಅದು ಬಿದ್ದರೆ ಕಥೆಯ ಅರ್ಧ ಬಿತ್ತು. ಮೂಲ ಧ್ವನಿ ಇಟ್ಟುಕೊಂಡರೆ ಇನ್ನೊಂದೂ ಕೇಳುತ್ತದೆ: ರಿಯೊದವರು ‘ಬೋಂ ಜಿಯಾ’ ಅನ್ನುವ ಶುಭೋದಯ ರೆಸಿಫೆಯವರ ಬಾಯಲ್ಲಿ ‘ಬೋಂ ದಿಯಾ’. ಆ ‘ದ’ ಕೇಳಿದ ಕೂಡಲೇ, ಕಥೆ ನಡೆಯುವ ಸಾವ್ ಪಾಲೊದ ಮಂದಿಗೆ ವಾಲ್ ರೆಸಿಫೆ ಕಡೆಯಿಂದ ಬಂದವಳೆಂದು ಗೊತ್ತಾಗುತ್ತದೆ.

ನಮ್ಮ ನಂಟಿನ ನೊವೆಲಾ ಬೇಕೆಂದರೆ 2009ರ ‘ಕಮಿಂಯೊ ದಾಸ್ ಇಂದಿಯಾಸ್’ ಇದೆ. ರಾಜಸ್ಥಾನದಲ್ಲೂ ಬ್ರೆಜಿಲ್‌ನಲ್ಲೂ ನಡೆಯುವ ಕಥೆ, ದಲಿತ ಯುವಕ ಬಹುವಾನ್ ಅದರ ಮುಖ್ಯ ಪಾತ್ರಗಳಲ್ಲೊಬ್ಬ, ಭಾರತೀಯ ಪಾತ್ರಗಳಲ್ಲೂ ಹೆಚ್ಚಿನವರು ಬ್ರೆಜಿಲ್‌ನ ನಟರೇ. ಅದೇ ವರ್ಷ ಅಂತರರಾಷ್ಟ್ರೀಯ ಎಮ್ಮಿ ಗೆದ್ದಿತು. ಜಾತಿಯನ್ನು ಅವರು ಒಡವೆ–ಸೀರೆಗಳ ಜೊತೆಗೇ ಅಲಂಕಾರವಾಗಿ ಬಳಸಿದ್ದು ನಮಗೆ ಒಪ್ಪಿಗೆಯಾಗಿಲ್ಲ. ನೋಡಿ ನಿಮ್ಮ ಅಭಿಪ್ರಾಯ ಬರೆಯಿರಿ.

ಕಡೆಯದಾಗಿ, ‘ಐಯಾಮ್ ಸ್ಟಿಲ್ ಹಿಯರ್’ನ ಕೊನೆಯ ಭಾಗ. ಮರೆವಿನ ಕಾಯಿಲೆಯ ಯೂನಿಸಿ ಗಾಲಿಕುರ್ಚಿಯಲ್ಲಿ ಕೂತಿದ್ದಾಳೆ. ಎದುರಿಗಿರುವುದು ಟಿ.ವಿ. ಅದರಲ್ಲಿ ಕಾಣೆಯಾದವರ ಸುದ್ದಿ, ರೂಬೆನ್ಸ್‌ನ ಚಿತ್ರ. ಮೊಂತೆನೆಗ್ರೊ ಅವರಿಗೆ ಒಂದು ಮಾತೂ ಇಲ್ಲ. ಟಿ.ವಿ. ಏನು ಹೇಳುತ್ತಿದೆ ಎಂದು ಒಮ್ಮೆ ಓದಿಕೊಳ್ಳಿ. ಎರಡನೇ ಸಲ ಸಬ್‌ಟೈಟಲ್ ತೆಗೆದು ಆ ಮುಖವನ್ನಷ್ಟೇ ನೋಡಿ.