ಜ್ಯಾಕ್ ರಸೆಲ್ ಮರಿಯ ಬಾಲ ಕಟ್ ಮಾಡಿಸಬೇಕಾ?

ಮುಂದಿನ ವಾರ ಹುಟ್ಟಲಿರುವ ಜ್ಯಾಕ್ ರಸೆಲ್ ನಾಯಿಮರಿಗಳಲ್ಲಿ ಒಂದನ್ನು ಬುಕ್ ಮಾಡಿದ್ದೀರಿ. ಬಾಲ ಕಟ್ ಮಾಡಿಸಲಾ, ಹಾಗೇ ಬಿಡಲಾ ಅಂತ ಬ್ರೀಡರ್ ಕೇಳುತ್ತಿದ್ದಾರೆ. ಕಟ್ ಮಾಡಿದರೇ ಲುಕ್ಕು ಅಂತಾನೂ ಹೇಳಿದ್ದಾರೆ. ಏನು ಹೇಳಲಿ ಅನ್ನೋದು ನಿಮ್ಮ ಪ್ರಶ್ನೆ.

ಬೇಡ ಅನ್ನಿ. ನಿಮ್ಮ ಬ್ರೀಡರ್ ಕೇಳಿದ್ದೇ ದೊಡ್ಡ ವಿಷಯ. ನನ್ನನ್ನು ಯಾರೂ ಕೇಳಿರಲಿಲ್ಲ.

ನಮ್ಮ ಮನೆಯಲ್ಲಿ ಎರಡು ಜ್ಯಾಕ್ ರಸೆಲ್ ಇವೆ. ಮೊದಲು ಬಂದವನು ಚಿಂಟು. ಎರಡು ತಿಂಗಳ ಮರಿ ಮನೆಗೆ ಬಂದಾಗ ಹಿಂದೆ ಎರಡು ಬೆರಳಿನಷ್ಟು ಮೋಟು ಬಾಲ ಇತ್ತು. ಈ ಜಾತಿಯೇ ಹೀಗಿರುತ್ತದೆ ಅಂತ ನಾನು ನಂಬಿದ್ದೆ, ನಿಜ ಹೇಳಬೇಕೆಂದರೆ ವರ್ಷಗಟ್ಟಲೆ ನಂಬಿದ್ದೆ. ವ್ಯಾಕ್ಸಿನ್ ಹಾಕಿಸಲು ಹೋದಾಗ ಡಾಕ್ಟರ್ ಒಮ್ಮೆ ಆ ತುದಿ ಮುಟ್ಟಿ ನೋಡಿ, "ಇಲ್ಲಿ ಮುಟ್ಟಿದರೆ ಯಾಕೆ ತಿರುಗಿ ನೋಡ್ತಾನೆ?" ಅಂದರು. ಅದು ಕತ್ತರಿಸಿದ ಬಾಲ ಅಂತ ಆಗ ಗೊತ್ತಾಯಿತು. ಈಗಲೂ ಸ್ನಾನ ಮಾಡಿಸುವಾಗ ಅಲ್ಲಿಗೆ ಕೈ ಹೋದರೆ ಸಾಕು, ಮೈಯೆಲ್ಲ ಬಿಗಿ ಮಾಡಿಕೊಂಡು ನಿಂತುಬಿಡುತ್ತಾನೆ. ಕಚ್ಚುವುದಿಲ್ಲ ಪಾಪ, ಸುಮ್ನೆ ನಿಲ್ಲುತ್ತಾನೆ. ಆಮೇಲೆ ಬಂದವಳು ಪುಟ್ಟಿ. ಅವಳಿಗೆ ಪೂರ್ತಿ ಬಾಲ ಇದೆ, ಅದರಿಂದ ಇಲ್ಲಿಯವರೆಗೆ ಮೂರು ಕಾಫಿ ಲೋಟ ಬಿದ್ದಿವೆ. ನಷ್ಟ ಅಂದರೆ ಅಷ್ಟೇ.

ಕಟ್ ಮಾಡುವುದು ಅಂದರೆ ಏನು ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ಬ್ರೀಡರ್‌ಗಳು ಇದನ್ನು ಕೂದಲು ಟ್ರಿಮ್ ಮಾಡಿದ ಹಾಗೆ ಹೇಳುತ್ತಾರೆ. ಮರಿ ಹುಟ್ಟಿ ಮೂರರಿಂದ ಐದು ದಿನದೊಳಗೆ ಮಾಡುತ್ತಾರೆ, ಆಗ ಅದು ಕಣ್ಣನ್ನೇ ಬಿಟ್ಟಿರುವುದಿಲ್ಲ. ಒಂದು ವಿಧಾನದಲ್ಲಿ ಬಿಗಿಯಾದ ರಬ್ಬರ್ ಬ್ಯಾಂಡ್ ಹಾಕುತ್ತಾರೆ, ರಕ್ತ ಹರಿಯುವುದು ನಿಂತು ಕೆಲವು ದಿನದಲ್ಲಿ ಆ ಭಾಗ ಒಣಗಿ ಉದುರುತ್ತದೆ. ಇನ್ನೊಂದರಲ್ಲಿ ಕತ್ತರಿ ಅಥವಾ ಬ್ಲೇಡು. ಅರಿವಳಿಕೆ ಸಾಮಾನ್ಯವಾಗಿ ಕೊಡುವುದಿಲ್ಲ. ಅಷ್ಟು ಸಣ್ಣ ಮರಿಗೆ ನೋವು ಗೊತ್ತಾಗಲ್ಲ ಅನ್ನುವುದು ಹಳೆಯ ನಂಬಿಕೆ. ಬಾಲದಲ್ಲಿ ಇರುವುದು ಬರೀ ಚರ್ಮ ಅಲ್ಲ, ಬೆನ್ನೆಲುಬಿನ ಮುಂದುವರಿದ ಮೂಳೆ, ಸ್ನಾಯು, ನರ ಎಲ್ಲ ಇವೆ. ಕತ್ತರಿಸುವಾಗ ಮರಿ ಚೀರುತ್ತದೆ. ಕೆಲವು ನಾಯಿಗಳಲ್ಲಿ ಕತ್ತರಿಸಿದ ನರದ ತುದಿ ಗಂಟಾಗಿ ಬೆಳೆದು ಆಮೇಲೂ ನೋವು ಕೊಡುತ್ತಿರುತ್ತದೆ.

ಇದು ಎಲ್ಲಿಂದ ಬಂತು ಅಂದರೆ, ಜ್ಯಾಕ್ ರಸೆಲ್ ಅನ್ನುವುದು ಇಂಗ್ಲೆಂಡಿನ ಡೆವನ್ ಕಡೆಯ ಒಬ್ಬ ಪಾದ್ರಿಯ ಹೆಸರು. ನರಿ ಬೇಟೆಯ ಹುಚ್ಚು ಇದ್ದವರು. ಆಕ್ಸ್‌ಫರ್ಡ್‌ನಲ್ಲಿ ಓದುವಾಗ, 1819ರಲ್ಲಿ, ಒಬ್ಬ ಹಾಲಿನವನ ಹತ್ತಿರ ಟ್ರಂಪ್ ಅನ್ನುವ ಹೆಣ್ಣು ನಾಯಿ ಕಂಡು ಇಷ್ಟಪಟ್ಟು ಕೊಂಡುಕೊಂಡರು, ತಳಿ ಶುರುವಾಗಿದ್ದು ಅವಳಿಂದ ಅಂತ ಹೇಳುತ್ತಾರೆ. ಇವು ಟೆರಿಯರ್ ಜಾತಿಯ ನಾಯಿಗಳು, ಇವುಗಳ ಕೆಲಸ ಬಿಲದೊಳಗೆ ನುಗ್ಗಿ ನರಿಯನ್ನು ಹೊರಗೆ ಓಡಿಸುವುದು. ಬಿಲದಲ್ಲಿ ಸಿಕ್ಕಿಕೊಂಡರೆ ಹಿಡಿದು ಎಳೆಯಲು ಒಂದು ಹಿಡಿಯಷ್ಟು ಬಾಲ ಉಳಿಸಿ ಮಿಕ್ಕಿದ್ದು ತೆಗೆಯುತ್ತಿದ್ದರು, ಉದ್ದ ಇದ್ದರೆ ಗಾಯ ಆಗುತ್ತದೆ ಅನ್ನುವುದು ಲೆಕ್ಕ. ಸರಿ, ಆದರೆ ಬ್ರಿಟನ್ನಿನದೇ ಬಾರ್ಡರ್ ಟೆರಿಯರ್, ಕೇರ್ನ್ ಟೆರಿಯರ್ ಕೂಡ ಬಿಲ, ಬಂಡೆ ಸಂದಿಗಳಲ್ಲಿ ನುಗ್ಗುತ್ತಿದ್ದವು, ಅವುಗಳ ಬಾಲ ಯಾರೂ ಕತ್ತರಿಸಲಿಲ್ಲ. ಹಿಡಿದು ಎಳೆಯಲು ಹಿಡಿಕೆ ಬೇಕು ಅಂದರೆ ಪೂರ್ತಿ ಬಾಲ ಇನ್ನೂ ಒಳ್ಳೆಯ ಹಿಡಿಕೆ ಅಲ್ವಾ? ನಮ್ಮ ಚಿಂಟು ಒಮ್ಮೆ ಹೆಗ್ಗಣದ ಹಿಂದೆ ಮೋರಿ ಪೈಪಿಗೆ ತಲೆ ತೂರಿಸಿದ್ದ, ನಾನು ಸೊಂಟ ಹಿಡಿದು ಎಳೆದೆ. ಆ ಮೋಟಿಗೆ ಕೈಯೇ ನಿಲ್ಲಲಿಲ್ಲ.

ನಮ್ಮ ಮುಧೋಳ ನಾಯಿಯನ್ನೇ ನೋಡಿ. ಬೇಟೆಯ ನಾಯಿ, ಉದ್ದ ಬಾಲ, ಮೊಲದ ಹಿಂದೆ ಓಡುತ್ತಾ ಗಕ್ಕನೆ ತಿರುಗುವಾಗ ಆ ಬಾಲವೇ ಬ್ಯಾಲೆನ್ಸ್.

"ಮುಂದೆ ಬಾಲಕ್ಕೆ ಏಟಾಗುತ್ತೆ, ಈಗಲೇ ತೆಗೆಸಿಬಿಡಿ" ಅಂತಾನೂ ಹೇಳುತ್ತಾರೆ. ಇದಕ್ಕೆ ಲೆಕ್ಕ ಇದೆ. ಬ್ರಿಟನ್ನಿನಲ್ಲಿ 52 ಪ್ರಾಣಿ ಕ್ಲಿನಿಕ್‌ಗಳಿಗೆ ಬಂದ ಸುಮಾರು 1,38,000 ನಾಯಿಗಳ ದಾಖಲೆ ನೋಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಬಾಲದ ಗಾಯ ತಪ್ಪಿಸಲು ಸುಮಾರು 500 ನಾಯಿಗಳ ಬಾಲ ಕತ್ತರಿಸಬೇಕು. ಮುಳ್ಳುಪೊದೆಗಳಲ್ಲಿ ದಿನವಿಡೀ ಕೆಲಸ ಮಾಡುವ ಸ್ಪ್ಯಾನಿಯಲ್‌ಗಳ ಕಥೆ ಬೇರೆ, ಅದನ್ನು ಒಪ್ಪಿಕೊಳ್ಳಬೇಕು. ಸ್ಕಾಟ್‌ಲೆಂಡಿನ ಒಂದು ಸರ್ವೆಯಲ್ಲಿ ಬಾಲ ಇರುವ ಬೇಟೆ ಸ್ಪ್ಯಾನಿಯಲ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿಗೆ ಒಂದೇ ಸೀಸನ್‌ನಲ್ಲಿ ಗಾಯ ಆಗಿತ್ತು. 2007ರಲ್ಲಿ ಪೂರ್ತಿ ನಿಷೇಧಿಸಿದ್ದ ಸ್ಕಾಟ್‌ಲೆಂಡ್ 2017ರಲ್ಲಿ ಸ್ವಲ್ಪ ಸಡಿಲಿಸಿದ್ದು ಅದಕ್ಕೇ. ಅದೂ ಸ್ಪ್ಯಾನಿಯಲ್ ಮತ್ತು ಒಂದಷ್ಟು ಬೇಟೆ ತಳಿಗಳಿಗೆ ಮಾತ್ರ, ತುದಿಯ ಮೂರನೇ ಒಂದು ಭಾಗ ಮಾತ್ರ. ಟೆರಿಯರ್ ಆ ಪಟ್ಟಿಯಲ್ಲಿ ಇಲ್ಲ! ಇಂಗ್ಲೆಂಡ್‌ನಲ್ಲಿ ಟೆರಿಯರ್‌ಗೆ ವಿನಾಯಿತಿ ಇದೆ, ಆದರೆ ನಿಜವಾಗಿ ಕೆಲಸ ಮಾಡುವ ನಾಯಿ ಅಂತ ಪುರಾವೆ ತೋರಿಸಬೇಕು, ವೆಟ್ ಕೈಯಿಂದಲೇ ಆಗಬೇಕು. ಸೋಫಾ ಮೇಲೆ ಮಲಗುವ ನಾಯಿಗೆ ಅಲ್ಲಿಯೂ ಮಾಡುವ ಹಾಗಿಲ್ಲ. ತಳಿ ಹುಟ್ಟಿದ ದೇಶವೇ ಬಿಟ್ಟಿದ್ದನ್ನು ನಾವು ಇಲ್ಲಿ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ ಯಾವ ನರಿಗೋಸ್ಕರ ಮುಂದುವರಿಸಬೇಕು?

ನನಗೆ ಎಲ್ಲಕ್ಕಿಂತ ಜಾಸ್ತಿ ಬೇಜಾರಾಗುವುದು ಪಾರ್ಕಿನಲ್ಲಿ. ಪುಟ್ಟಿ ದೂರದಿಂದಲೇ ಬಾಲ ಅಲ್ಲಾಡಿಸುತ್ತಾ ಹೋಗುತ್ತಾಳೆ, ಎದುರಿನ ನಾಯಿಗೆ ಅರ್ಥವಾಗುತ್ತದೆ. ಚಿಂಟುಗೆ ಖುಷಿಯಾದರೆ ಹಿಂಭಾಗ ಪೂರ್ತಿ ಅಲ್ಲಾಡುತ್ತದೆ, ಆದರೆ ಎದುರು ನಿಂತ ನಾಯಿಗೆ ಅದು ಕಾಣುವುದಿಲ್ಲ. ಅದು ಗೊಂದಲದಲ್ಲಿ ನಿಂತು ಗುರ್ ಅನ್ನುತ್ತದೆ, ಇವನೂ ತಿರುಗಿ ಗುರ್ ಅನ್ನುತ್ತಾನೆ, ನಾನು ಲೀಶ್ ಎಳೆದುಕೊಂಡು ಸಾರಿ ಸಾರಿ ಅನ್ನುತ್ತಾ ಬರುತ್ತೇನೆ. ಇದು ನನ್ನ ಕಲ್ಪನೆ ಅಂದುಕೊಂಡಿದ್ದೆ. ಕೆನಡಾದಲ್ಲಿ ಒಂದು ರೋಬೋಟ್ ನಾಯಿಗೆ ಉದ್ದ ಬಾಲ, ಮೋಟು ಬಾಲ ಎರಡನ್ನೂ ಹಾಕಿ ಪರೀಕ್ಷೆ ಮಾಡಿದ್ದಾರೆ, 2008ರಲ್ಲಿ ಪ್ರಕಟವಾಗಿದೆ. ಉದ್ದ ಬಾಲ ಅಲ್ಲಾಡುತ್ತಿದ್ದರೆ ದೊಡ್ಡ ನಾಯಿಗಳು ಧೈರ್ಯವಾಗಿ ಹತ್ತಿರ ಬಂದವು, ಅಲ್ಲಾಡದೆ ನೆಟ್ಟಗೆ ಇದ್ದರೆ ಕಡಿಮೆ ಬಂದವು. ಮೋಟು ಬಾಲ ಅಲ್ಲಾಡಿದರೂ ಒಂದೇ, ಅಲ್ಲಾಡದಿದ್ದರೂ ಒಂದೇ. ಆ ಸುದ್ದಿ ಅವುಗಳಿಗೆ ತಲುಪಲೇ ಇಲ್ಲ.

ಕಾನೂನು ಕೇಳುತ್ತೀರಿ ಅಂದರೆ, ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಾಣಿಯ ಅಂಗ ಊನ ಮಾಡುವುದನ್ನು ಅಪರಾಧ ಅನ್ನುತ್ತದೆ. ಬಾಲದ ತುದಿಯಲ್ಲಿ ಗಡ್ಡೆಯೋ ಮತ್ತೆ ಮತ್ತೆ ಒಡೆಯುವ ಗಾಯವೋ ಆಗಿ ಡಾಕ್ಟರ್ ಅರಿವಳಿಕೆ ಕೊಟ್ಟು ತೆಗೆಯುವುದು ಬೇರೆ ವಿಷಯ, ಅದು ಚಿಕಿತ್ಸೆ. ಶೋಗೆ ಕರೆದುಕೊಂಡು ಹೋಗುವ ಆಸೆ ಇದ್ದರೂ ಚಿಂತೆ ಇಲ್ಲ. ಜ್ಯಾಕ್ ರಸೆಲ್ ನೋಡಲು ಹೇಗಿರಬೇಕು ಅನ್ನುವ ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡ್‌ನಲ್ಲಿ ಬಾಲ "ಕತ್ತರಿಸಿದ್ದರೆ" ಹೇಗಿರಬೇಕು ಅಂತ ಇದೆ, ಕತ್ತರಿಸಲೇಬೇಕು ಅಂತ ಇಲ್ಲ.

ಲುಕ್ಕಿನ ಮಾತಿಗೆ ನಾನೇನೂ ಹೇಳಲ್ಲ. ಪುಟ್ಟಿಯನ್ನು ನೋಡಿದವರು ಮೊದಲ ವಾರ "ಇದು ಒರಿಜಿನಲ್ಲಾ?" ಅಂತ ಕೇಳಿದ್ದರು. ಈಗ ಯಾರೂ ಕೇಳುವುದಿಲ್ಲ.

ಒಂದೇ ವಿಷಯ ನೆನಪಿಡಿ. ಮರಿ ನಿಮ್ಮ ಕೈಗೆ ಬರುವುದು ಎಂಟು ವಾರ ಆದಮೇಲೆ, ಬಾಲದ ತೀರ್ಮಾನ ಆಗುವುದು ಮೊದಲ ವಾರದಲ್ಲೇ. ಆಮೇಲೆ ಫೋನ್ ಮಾಡಿ ಉಪಯೋಗ ಇಲ್ಲ. ಇವತ್ತೇ ಬ್ರೀಡರ್‌ಗೆ ಹೇಳಿ. ವಾಟ್ಸಾಪ್‌ನಲ್ಲಿ ಬರೆದು ಕಳಿಸಿ, "ನಮ್ಮ ಮರಿಯ ಬಾಲ ಮುಟ್ಟಬೇಡಿ, ಮುಟ್ಟಿದರೆ ಅಡ್ವಾನ್ಸ್ ವಾಪಸ್" ಅಂತ. ಆರನೇ ದಿನ ಒಂದು ಫೋಟೋನೂ ಕೇಳಿ, ಹಿಂದಿನಿಂದ ತೆಗೆದದ್ದು.