ಬಾಖ್‌ನ ಕ್ಯಾಂಟಾಟಾ 4: ಸ್ಕೋರ್ ಕಳೆದುಹೋದರೂ ಕೃತಿ ಉಳಿದದ್ದು ಹೇಗೆ?

ನಿಮ್ಮ ಪ್ರಶ್ನೆ ಇದು: "ಬಾಖ್‌ನ ‘ಕ್ರಿಸ್ಟ್ ಲಾಗ್ ಇನ್ ಟೋಡೆಸ್‌ಬಾಂಡೆನ್’ 1707ರ ಕೃತಿ ಅಂತಾರೆ. ಆದರೆ ಅವನ ಕೈಬರಹದ ಸ್ಕೋರ್ ಎಲ್ಲೂ ಇಲ್ಲವಂತೆ. ಹಾಗಿದ್ದರೆ ಈಗ ಹಾಡುತ್ತಿರುವುದು ಏನನ್ನು ನೋಡಿಕೊಂಡು? 1707 ಅಂತ ಗೊತ್ತಾದದ್ದು ಹೇಗೆ?"

ನೀವು ಹೇಳುವ ಕೃತಿಯೇ ಜರ್ಮನ್ ಸಂಗೀತಕಾರ ಬಾಖ್‌ನ ಕ್ಯಾಂಟಾಟಾ 4. ಕ್ಯಾಂಟಾಟಾ ಅಂದರೆ ವಾದ್ಯಗಳ ಜೊತೆ ಹಾಡುವ ಕೃತಿ, ಇಲ್ಲಿ ಚರ್ಚಿಗಾಗಿ ಬರೆದದ್ದು. ಚುಟುಕಾಗಿ ಹೇಳಿಬಿಡುತ್ತೇನೆ. ಈಗ ಹಾಡುವುದು 1724 ಮತ್ತು 1725ರ ಈಸ್ಟರ್ ಹಬ್ಬಕ್ಕೆ ಲೈಪ್ಜಿಗ್‌ನಲ್ಲಿ ಬರೆದ ಪಾರ್ಟ್‌ಗಳನ್ನು ನೋಡಿಕೊಂಡು. 1707 ಅನ್ನುವುದು ಊಹೆ. ಗಟ್ಟಿಯಾದ ಊಹೆಯೇ, ಆದರೂ ಊಹೆ. ಅಂದರೆ ನಾವು ಕೇಳುತ್ತಿರುವುದು ಇಪ್ಪತ್ತೆರಡರ ಹುಡುಗ ಬರೆದದ್ದನ್ನು ನಲವತ್ತರ ಬಾಖ್ ಮತ್ತೆ ಕೈಗೆತ್ತಿಕೊಂಡು ಸರಿಮಾಡಿದ ರೂಪ. ಪೂರಾ ಹಳೆಯದೂ ಅಲ್ಲ, ಪೂರಾ ಹೊಸದೂ ಅಲ್ಲ.

ಸ್ಕೋರ್ ಬೇರೆ, ಪಾರ್ಟ್ ಬೇರೆ. ಸ್ಕೋರ್‌ನಲ್ಲಿ ಎಲ್ಲ ದನಿಗಳೂ ವಾದ್ಯಗಳೂ ಒಂದರ ಕೆಳಗೊಂದು ಇರುತ್ತವೆ. ಪಾರ್ಟ್‌ನಲ್ಲಿ ಒಬ್ಬನ ಸಾಲು ಮಾತ್ರ. ನಮ್ಮ ಕಂಪನಿ ನಾಟಕದಲ್ಲಿ ಪಾತ್ರಧಾರಿಗೆ ಅವನ ಮಾತನ್ನಷ್ಟೇ ಬರೆದು ಕೈಗೆ ಕೊಟ್ಟ ಹಾಗೆ. ಬಾಖ್ ಸ್ಕೋರ್ ಬರೆದು ಮುಗಿಸಿದ ಮೇಲೆ ಶಾಲೆಯ ಹುಡುಗರು, ಮನೆಯವರು ಕೂತು ಅದರಿಂದ ಪಾರ್ಟ್‌ಗಳನ್ನು ನಕಲು ಮಾಡುತ್ತಿದ್ದರು. ಭಾನುವಾರದ ಒಳಗೆ ಮುಗಿಯಲೇಬೇಕು. ಆಮೇಲೆ ಅವನೇ ಕಣ್ಣಾಡಿಸಿ ತಪ್ಪು ತಿದ್ದುತ್ತಿದ್ದ, ಎಲ್ಲಿ ಮೆಲ್ಲಗೆ, ಎಲ್ಲಿ ಕಂಪನ ಅಂತ ಗುರುತು ಹಾಕುತ್ತಿದ್ದ. ಎಷ್ಟೋ ಸಲ ಈ ಗುರುತುಗಳು ಸ್ಕೋರ್‌ನಲ್ಲೇ ಇರುವುದಿಲ್ಲ. ಹಾಗಾಗಿ ಪಾರ್ಟ್‌ಗಳು ಉಳಿದು ಸ್ಕೋರ್ ಹೋದದ್ದು ದೊಡ್ಡ ದುರಂತವೇನಲ್ಲ ಅಂತ ನನ್ನ ಅಭಿಪ್ರಾಯ. ಉಲ್ಟಾ ಆಗಿದ್ದರೆ ನಷ್ಟ ಜಾಸ್ತಿ ಇರುತ್ತಿತ್ತು.

ಒಂದು ಹೋಗಿ ಇನ್ನೊಂದು ಉಳಿದದ್ದು ಯಾಕೆ? 1750ರ ಜುಲೈ 28ರಂದು ಬಾಖ್ ತೀರಿಕೊಂಡ. ಉಯಿಲು ಬರೆದಿರಲಿಲ್ಲ. ಹೆಂಡತಿ ಮಕ್ಕಳು ಹಸ್ತಪ್ರತಿಗಳನ್ನು ಹಂಚಿಕೊಂಡರು. ಕ್ಯಾಂಟಾಟಾಗಳನ್ನು ಹಂಚಿದ ರೀತಿ ಸ್ವಲ್ಪ ವಿಚಿತ್ರ: ಒಬ್ಬರಿಗೆ ಸ್ಕೋರ್, ಇನ್ನೊಬ್ಬರಿಗೆ ಪಾರ್ಟ್. 1724-25ರಲ್ಲಿ ಬಾಖ್ ಲೂಥರನ್ ಸ್ತುತಿಗೀತೆಗಳನ್ನು ಆಧರಿಸಿ ಒಂದು ದೊಡ್ಡ ಸರಣಿ ಬರೆದಿದ್ದ. ಕೋರಲ್ ಅಂದರೆ ಆ ಸ್ತುತಿಗೀತೆ, ಹಾಗಾಗಿ ಕೋರಲ್ ಕ್ಯಾಂಟಾಟಾಗಳು ಅಂತ ಅವನ್ನು ಕರೆಯುತ್ತಾರೆ. 1725ರ ಈಸ್ಟರ್‌ಗೆ ಮತ್ತೆ ಹಾಡಿಸಿದ ಕ್ಯಾಂಟಾಟಾ 4 ಕೂಡ ಆ ಕಟ್ಟಿಗೇ ಸೇರಿತ್ತು. ಅವುಗಳ ಸ್ಕೋರ್‌ಗಳು ಹಿರಿಮಗ ವಿಲ್ಹೆಲ್ಮ್ ಫ್ರೀಡೆಮಾನ್ ಪಾಲಿಗೆ ಹೋದವು, ಪಾರ್ಟ್‌ಗಳು ಹೆಂಡತಿ ಆನ್ನಾ ಮಾಗ್ಡಲೇನಾ ಪಾಲಿಗೆ ಬಂದವು.

ಫ್ರೀಡೆಮಾನ್ ಕೈಗೆ ಹೋದವುಗಳ ಕಥೆ ಬೇಸರ ತರಿಸುತ್ತದೆ. ಪ್ರತಿಭಾವಂತ, ಆದರೆ 1764ರಲ್ಲಿ ಹಾಲೆ ಊರಿನ ಕೆಲಸ ಬಿಟ್ಟ ಮೇಲೆ ಕೈಯಲ್ಲಿ ಕಾಸು ನಿಲ್ಲಲಿಲ್ಲ. ಬಾಖ್‌ನ ಮೊದಲ ಜೀವನಚರಿತ್ರೆ ಬರೆದ ಫೋರ್ಕೆಲ್‌ಗೆ ಅವನು ಆ ಇಡೀ ಸರಣಿಯನ್ನು 20 ಲೂಯಿದೋರ್ ಚಿನ್ನದ ನಾಣ್ಯಕ್ಕೆ ಕೊಡಲು ಹೊರಟಿದ್ದ. ಫೋರ್ಕೆಲ್ ಹತ್ತಿರ ಅಷ್ಟು ದುಡ್ಡಿರಲಿಲ್ಲ. ಎರಡು ನಾಣ್ಯ ಕೊಟ್ಟು ಸುಮ್ನೆ ಓದಿ ನೋಡಲು ಇಸಿದುಕೊಂಡ. ಮುಂದೆ ಆ ಕಟ್ಟು ಬರೀ 12 ಟಾಲರ್ ಬೆಳ್ಳಿ ನಾಣ್ಯಕ್ಕೆ ಮಾರಾಟವಾಯಿತು ಅಂತ ಅವನೇ 1803ರ ಒಂದು ಪತ್ರದಲ್ಲಿ ಬರೆದಿದ್ದಾನೆ. ಆಮೇಲೆ ಒಂದೊಂದು ಹಾಳೆ ಒಂದೊಂದು ದಿಕ್ಕಿಗೆ. ಅದೇ ಸರಣಿಯ ಮೊದಲ ಕೃತಿಯಾದ ಕ್ಯಾಂಟಾಟಾ 20ರ ಸ್ಕೋರ್ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿತ್ತು. 2017ರಲ್ಲಿ ಲೈಪ್ಜಿಗ್‌ನ ಬಾಖ್ ಆರ್ಕೈವ್ ಅದನ್ನು ಕೊಂಡುಕೊಂಡು ತನ್ನಲ್ಲಿದ್ದ ಪಾರ್ಟ್‌ಗಳ ಜೊತೆ ಸೇರಿಸಿತು. ನೀವು ಕೇಳಿದ ಕ್ಯಾಂಟಾಟಾ 4ಕ್ಕೆ ಆ ಭಾಗ್ಯ ಇಲ್ಲ. ಅದರ ಸ್ಕೋರ್‌ನ ಸುಳಿವೇ ಇಲ್ಲ.

ಆನ್ನಾ ಮಾಗ್ಡಲೇನಾ ಮಾತ್ರ ಪಾರ್ಟ್‌ಗಳನ್ನು ಬಾಖ್ ಸತ್ತ ವರ್ಷವೇ ಲೈಪ್ಜಿಗ್‌ನ ಥೋಮಸ್ ಶಾಲೆಗೆ ಒಪ್ಪಿಸಿದಳು. ಬಾಖ್ ಕೆಲಸ ಮಾಡಿದ ಅದೇ ಶಾಲೆ. 44 ಕೃತಿಗಳ ಪಾರ್ಟ್‌ಗಳು ಅಲ್ಲಿ ಉಳಿದವು, ಅದರಲ್ಲಿ ಇದೂ ಒಂದು. ಈಗ ಬಾಖ್ ಆರ್ಕೈವ್‌ನ ಸುಪರ್ದಿಯಲ್ಲಿವೆ. ಅವನ್ನು ಕೊಟ್ಟವಳು ಕೊನೆಗೆ ನಗರದ ದಾನದ ಮೇಲೆ ಬದುಕಿ 1760ರಲ್ಲಿ ಸತ್ತಳು. ಬಾಖ್ ಹಸ್ತಪ್ರತಿಗಳ ಬಗ್ಗೆ ಮಾತಾಡುವಾಗ ಮಕ್ಕಳ ಹೆಸರೇ ಜಾಸ್ತಿ ಕೇಳಿಬರುತ್ತದೆ, ಈಕೆಯದು ಕಮ್ಮಿ. ಅದು ಸರಿಯಲ್ಲ ಅನ್ನಿಸುತ್ತದೆ ನನಗೆ.

ಬರೀ ಪಾರ್ಟ್ ಇದ್ದರೆ ಓದುವುದು ಹೇಗೆ ಅಂತೀರಾ? 1789ರಲ್ಲಿ ಮೊಟ್ಸಾರ್ಟ್ ಇದೇ ಶಾಲೆಗೆ ಬಂದು ಬಾಖ್‌ನ ಒಂದು ಮೊಟೆಟ್ (ಚರ್ಚಿನ ಗುಂಪುಹಾಡು) ಹಾಡುವುದನ್ನು ಕೇಳಿಸಿಕೊಂಡ. ಸ್ಕೋರ್ ಇಲ್ಲ ಎಂದಾಗ ಪಾರ್ಟ್‌ಗಳನ್ನೇ ತರಿಸಿಕೊಂಡು ಎರಡು ಕೈಯಲ್ಲಿ, ಮೊಣಕಾಲ ಮೇಲೆ, ಪಕ್ಕದ ಕುರ್ಚಿಗಳ ಮೇಲೆ ಹರಡಿಕೊಂಡು ಕೂತನಂತೆ. ಸಂಗೀತ ವಿಮರ್ಶಕ ರೋಖ್ಲಿಟ್ಸ್ ಹೇಳಿದ ಕಥೆ ಇದು, ಅವನು ಸ್ವಲ್ಪ ಬಣ್ಣ ಹಚ್ಚುವ ಮನುಷ್ಯ. ಆದರೂ ಕೆಲಸ ಅದೇ. ಸಾಲುಗಳನ್ನು ಒಂದರ ಕೆಳಗೊಂದು ಜೋಡಿಸಿ ಸ್ಕೋರ್ ಕಟ್ಟಬೇಕು.

ಇನ್ನು 1707ರ ವಿಷಯ. ಕಾಗದ ಇದನ್ನು ಹೇಳುವುದಿಲ್ಲ. 1950ರ ದಶಕದಲ್ಲಿ ಆಲ್ಫ್ರೆಡ್ ಡ್ಯೂರ್ ಮತ್ತು ಗೆಯೋರ್ಗ್ ಫಾನ್ ಡಾಡೆಲ್ಸೆನ್ ಅನ್ನುವ ವಿದ್ವಾಂಸರು ಬಾಖ್‌ನ ಹಸ್ತಪ್ರತಿಗಳ ಕಾಗದದ ನೀರಚ್ಚು (ವಾಟರ್‌ಮಾರ್ಕ್), ನಕಲುಗಾರರ ಕೈಬರಹ ಎಲ್ಲ ಹೋಲಿಸಿ ಲೈಪ್ಜಿಗ್ ಕ್ಯಾಂಟಾಟಾಗಳ ಕಾಲಾನುಕ್ರಮವನ್ನೇ ಬುಡಮೇಲು ಮಾಡಿದರು. ಆದರೆ ಆ ದಾರಿಯಲ್ಲಿ ಹೋದರೆ ಸಿಗುವುದು ಪಾರ್ಟ್ ಬರೆದ ಕಾಲ, ಕೃತಿ ಹುಟ್ಟಿದ ಕಾಲವಲ್ಲ. ಅದಕ್ಕೆ ಸಂಗೀತವನ್ನೇ ನೋಡಬೇಕು. 1724ರ ಬಾಖ್ ಕ್ಯಾಂಟಾಟಾ ಬರೆದರೆ ಅದರಲ್ಲಿ ರೆಸಿಟೇಟಿವ್ (ಮಾತಿನ ಧಾಟಿಯ ಹಾಡಿಕೆ), ಆರಿಯಾ (ಸಾಮಾನ್ಯವಾಗಿ ಒಬ್ಬರೇ ಹಾಡುವ ಗೀತೆ) ಇರುತ್ತವೆ. ಇಲ್ಲಿ ಅವು ಇಲ್ಲವೇ ಇಲ್ಲ. ಧರ್ಮಸುಧಾರಕ ಮಾರ್ಟಿನ್ ಲೂಥರ್ 1524ರಲ್ಲಿ ಪ್ರಕಟಿಸಿದ ಗೀತೆಯ ಏಳು ಚರಣಗಳು ಒಂದಕ್ಷರ ಬದಲಾಗದೆ ಬರುತ್ತವೆ. ಎಲ್ಲವೂ ಇ ಮೈನರ್ ಅನ್ನುವ ಒಂದೇ ಸ್ವರಶ್ರೇಣಿಯಲ್ಲಿ. ಪ್ರತಿ ಚರಣದ ಕೊನೆಗೂ ಹಲ್ಲೆಲೂಯ. ಮೊದಲಿಗೆ 14 ಬಾರ್‌ಗಳ (ನಮ್ಮ ತಾಳದ ಆವರ್ತದ ಹಾಗೆ) ಪುಟ್ಟ ಸಿನ್ಫೋನಿಯಾ, ಅಂದರೆ ವಾದ್ಯಗಳಷ್ಟೇ ನುಡಿಸುವ ಪೀಠಿಕೆ. ಪಿಟೀಲು ಎರಡು, ಪಿಟೀಲಿಗಿಂತ ಕೊಂಚ ದೊಡ್ಡದಾದ ವಯೋಲಾವೂ ಎರಡು. ಹೀಗೆ ವಯೋಲಾವನ್ನು ಎರಡು ಸಾಲಾಗಿ ಒಡೆಯುವುದು ಹಿಂದಿನ ಶತಮಾನದ ರೂಢಿ. ಬಾಖ್‌ಗಿಂತ ಹಿಂದಿನ ತಲೆಮಾರಿನ ಸಂಗೀತಕಾರ ಪಾಖೆಲ್ಬೆಲ್ ಕೂಡ ಇದೇ ಗೀತೆಯನ್ನು ಇದೇ ರೀತಿ ಚರಣ ಚರಣವಾಗಿ ಹೊಂದಿಸಿದ್ದ.

ಅದರ ಜೊತೆಗೆ ಒಂದು ಸಂದರ್ಭವೂ ಹೊಂದುತ್ತದೆ. ಮ್ಯೂಲ್‌ಹೌಸೆನ್ ಊರಿನ ಸೇಂಟ್ ಬ್ಲೇಸಿಯಸ್ ಚರ್ಚಿನ ಆರ್ಗನಿಸ್ಟ್ ಆಹ್ಲೆ 1706ರ ಡಿಸೆಂಬರ್‌ನಲ್ಲಿ ತೀರಿಕೊಂಡ. ಆ ಜಾಗಕ್ಕೆ ಬಾಖ್ ಪರೀಕ್ಷೆ ಕೊಟ್ಟದ್ದು 1707ರ ಏಪ್ರಿಲ್ 24, ಈಸ್ಟರ್ ದಿನ. ಈಸ್ಟರ್ ಗೀತೆ, ಹಳೆಯ ಶೈಲಿ, ಕೆಲಸ ಹುಡುಕುವ ಹುಡುಗ. ಎಲ್ಲ ಸರಿಯಾಗಿ ಕೂಡುತ್ತದೆ ಅಲ್ವಾ? ಆದರೆ ಅವತ್ತು ನುಡಿಸಿದ್ದು ಇದೇ ಅಂತ ಹೇಳುವ ಒಂದು ಚೀಟಿಯೂ ಇಲ್ಲ.

ಲೈಪ್ಜಿಗ್‌ನಲ್ಲಿ ಅವನು ಏನು ಬದಲಾಯಿಸಿದ? ಒಂದು ಬದಲಾವಣೆ ಪಾರ್ಟ್‌ಗಳಲ್ಲೇ ಕಾಣುತ್ತದೆ. 1725ರಲ್ಲಿ ಒಂದು ಕಾರ್ನೆಟ್ಟೋ, ಮೂರು ಟ್ರಾಂಬೋನ್ (ಎರಡೂ ಊದುವ ವಾದ್ಯಗಳು) ಪಾರ್ಟ್ ಹೊಸದಾಗಿ ಸೇರಿದವು. ಅವು ತಮ್ಮದೇ ಸ್ವರ ನುಡಿಸುವುದಿಲ್ಲ, ಹಾಡುವವರ ಸಾಲಿಗೇ ಒತ್ತಾಸೆ ಕೊಡುತ್ತವೆ. ಹುಡುಗರ ದನಿ ಸಾಲದೆ ಹೋಯಿತೇನೋ. ಈಗಿನ ರೆಕಾರ್ಡಿಂಗ್‌ಗಳಲ್ಲಿ ಕೆಲವರು ಅವನ್ನು ಬಳಸುತ್ತಾರೆ, ಕೆಲವರು ಬಿಡುತ್ತಾರೆ. ಎರಡಕ್ಕೂ ಆಧಾರ ಇದೆ. ನನಗೆ ಅವಿಲ್ಲದೆ ಕೇಳುವುದೇ ಇಷ್ಟ, ಎರಡನೇ ಚರಣದಲ್ಲಿ ಸೊಪ್ರಾನೋ ಮತ್ತು ಆಲ್ಟೋ, ಅಂದರೆ ಮೇಲಿನ ಎರಡು ದನಿಗಳು ತೀರಾ ತೆಳ್ಳಗೆ, ಒಂಟಿಯಾಗಿ ಕೇಳಬೇಕು.

ಇನ್ನೊಂದು ಬದಲಾವಣೆ ಊಹೆಯದು. ಕೊನೆಯ ಚರಣ ಈಗ ಸರಳವಾದ ನಾಲ್ಕು ದನಿಯ ಕೋರಲ್. ಲೈಪ್ಜಿಗ್ ಬಾಖ್‌ನ ಮಾಮೂಲಿ ಮುಕ್ತಾಯ ಇದು. ಮೊದಲ ರೂಪದಲ್ಲಿ ಇಲ್ಲಿ ಬೇರೆ ಏನೋ ಇದ್ದಿರಬೇಕು, ಪ್ರಾಯಶಃ ಮೊದಲ ಚರಣದ ಸಂಗೀತವೇ ಮತ್ತೆ ಬರುತ್ತಿತ್ತು ಅಂತ ಕೆಲವು ವಿದ್ವಾಂಸರು ಹೇಳುತ್ತಾರೆ. ನನಗೂ ಅದು ಸರಿ ಅನ್ನಿಸುತ್ತದೆ. ಉಳಿದ ಆರು ಚರಣಗಳಲ್ಲಿ ಅಷ್ಟು ಪ್ರಯೋಗ ಮಾಡಿದವನು ಏಳನೆಯದಕ್ಕೆ ಬಂದು ಸುಮ್ಮನಾದದ್ದು ಕೇಳುವಾಗ ಗೊತ್ತಾಗುತ್ತದೆ.

ಕೊನೆಗೆ ಆ "4" ಬಗ್ಗೆ, ಯಾಕೆಂದರೆ ಅದು ಹಲವರ ದಾರಿ ತಪ್ಪಿಸುತ್ತದೆ. ಅದು ಕಾಲದ ಕ್ರಮವಲ್ಲ. ಬಾಖ್ ಸತ್ತು ನೂರು ವರ್ಷವಾದಾಗ, 1850ರಲ್ಲಿ, ಬಾಖ್ ಸೊಸೈಟಿ ಶುರುವಾಯಿತು. ಅದು ಅಚ್ಚು ಹಾಕಿದ ಬಾಖ್ ಕೃತಿಗಳ ಮೊದಲ ಸಂಪುಟ 1851ರಲ್ಲಿ ಬಂತು, ಹತ್ತು ಕ್ಯಾಂಟಾಟಾಗಳು. ಅದರಲ್ಲಿ ಇದು ನಾಲ್ಕನೆಯದು, ಅಷ್ಟೇ. ಸಂಪಾದಕ ಮೋರಿಟ್ಸ್ ಹೌಪ್ಟ್‌ಮಾನ್ ಆಗ ಬಾಖ್‌ನ ಅದೇ ಹುದ್ದೆಯಲ್ಲಿದ್ದ, ಥೋಮಸ್ ಶಾಲೆಯಲ್ಲಿ. ಪಾರ್ಟ್‌ಗಳು ಅವನ ಕೈಗೆಟುಕುವ ದೂರದಲ್ಲೇ ಇದ್ದವು. ನಿಮಗೂ ನೋಡುವ ಆಸೆ ಇದ್ದರೆ ಬಾಖ್ ಡಿಜಿಟಲ್ ಜಾಲತಾಣದಲ್ಲಿ ಬಿಡಬ್ಲ್ಯೂವಿ (ಬಾಖ್ ಕೃತಿಗಳ ಪಟ್ಟಿಯ ಸಂಖ್ಯೆ) 4 ಅಂತ ಹುಡುಕಿ, ಟ್ರಾಂಬೋನ್ ಪಾರ್ಟ್‌ಗಳಿಂದಲೇ ಶುರು ಮಾಡಿ.