ಓದುಗರ ಪ್ರಶ್ನೆ: ದುರ್ಯೋಧನನಿಗೆ ಯಾವ ಬಣ್ಣ?

ಪ್ರಶ್ನೆ: ರನ್ನನ ‘ಗದಾಯುದ್ಧ’ದ ವೈಶಂಪಾಯನ ಸರೋವರದ ಸನ್ನಿವೇಶವನ್ನು ಒಂಬತ್ತನೇ ತರಗತಿಯ ಮಕ್ಕಳಿಂದ ಮನುಷ್ಯಾಕೃತಿ ಇಲ್ಲದೆ, ಬರೀ ಬಣ್ಣ-ಆಕಾರಗಳಲ್ಲಿ ಮಾಡಿಸಿದೆ. 30 ಚಾರ್ಟುಗಳಲ್ಲೂ ಭೀಮ ಕೆಂಪು ತ್ರಿಕೋನ, ದುರ್ಯೋಧನ ಕಪ್ಪು ಚೌಕ! ಎಲ್ಲಿ ತಪ್ಪಿತು?
– ಕನ್ನಡ ಶಿಕ್ಷಕಿ, ಹಾವೇರಿ

ಉತ್ತರ: ಪದ್ಯ ಓದುವ ಮೊದಲೇ ಬಣ್ಣದ ಡಬ್ಬಿ ತೆರೆದಿದ್ದಾರೆ. ಕೋಪಕ್ಕೆ ಕೆಂಪು, ಕೆಟ್ಟವನಿಗೆ ಕಪ್ಪು ಎಂಬ ಪಟ್ಟಿ ತಲೆಯಲ್ಲಿದ್ದರೆ ಯಾವ ಕಾವ್ಯ ಕೊಟ್ಟರೂ ಅದೇ ಚಿತ್ರ ಬರುತ್ತದೆ. ಸೋತ ದುರ್ಯೋಧನ ಸರೋವರದ ನೀರೊಳಗೆ ಅಡಗಿದ್ದಾನೆ, ಹೊರಗಿನಿಂದ ಭೀಮ ಕೂಗುತ್ತಾನೆ. ಆಗ ರನ್ನ ಹೇಳಿದ್ದು ಇದು:

ಆ ರವಮಂ ನಿರ್ಜಿತಕಂಠೀರವರವಮಂ ನಿರಸ್ತಘನರವಮಂ ಕೋಪಾರುಣನೇತ್ರಂ ಕೇಳ್ದಾ ನೀರೊಳಗಿರ್ದುಂ ಬೆಮರ್ದನುರಗಪತಾಕಂ

ಸಿಂಹದ ಗರ್ಜನೆಯನ್ನೂ ಗುಡುಗನ್ನೂ ಮೀರಿಸಿದ ಆ ಕೂಗನ್ನು ಕೇಳಿ, ಹಾವಿನ ಬಾವುಟದವನು ಸಿಟ್ಟಿಗೆ ಕಣ್ಣು ಕೆಂಪೇರಿ, ನೀರೊಳಗಿದ್ದೂ ಬೆವರಿದ. ಕೆಂಪು ಇರುವುದು ದುರ್ಯೋಧನನ ಕಣ್ಣಲ್ಲಿ. ಭೀಮ ಈ ಪದ್ಯದಲ್ಲಿ ದನಿಯಾಗಿ ಮಾತ್ರ ಇದ್ದಾನೆ. ದುರ್ಯೋಧನನ ಆಕಾರವನ್ನೂ ಕವಿಯೇ ಕೊಟ್ಟಿದ್ದಾನೆ: ಉರಗ.

ಇನ್ನು ಕೆಲಸಕ್ಕೆ ಬನ್ನಿ. 22×28 ಇಂಚಿನ ಚಾರ್ಟನ್ನು ಅರ್ಧ ಮಾಡಿ, ಉದ್ದಕ್ಕೆ ನಿಲ್ಲಿಸಿ. ಕೆಳಗಿನ ಮೂರರಲ್ಲಿ ಎರಡು ಪಾಲಿಗೆ ಕಡುನೀಲಿ ಕಾಗದ ಅಂಟಿಸಿ, ಅದು ಕೊಳ. ಅದರೊಳಗೆ 3 ಸೆಂ.ಮೀ. ಅಗಲದ ಹೊಂಬಣ್ಣದ ಪಟ್ಟಿಯೊಂದು ಹಾವಿನಂತೆ ಬಳುಕಿ, ಹೆಡೆಯೆತ್ತಿ ನಿಲ್ಲಲಿ. ಸೋತರೂ ಅವನು ಅರಸ, ಹೊಂಬಣ್ಣ ಬಿಡಬೇಡಿ. ತಲೆಯಲ್ಲಿ ಒಂದೂವರೆ ಸೆಂ.ಮೀ.ನ ಎರಡು ಕೆಂಪು ಬಿಂದು. ಇಡೀ ಚಾರ್ಟಿನಲ್ಲಿ ಕೆಂಪು ಇಷ್ಟೇ ಇರಬೇಕು, ಬೇರೆಲ್ಲಿ ಬಂದರೂ ಕಣ್ಣು ಅತ್ತ ಓಡುತ್ತದೆ. ಮೇಲಿನ ಮೂಲೆಯಿಂದ ಬೂದುಬಣ್ಣದ ಬಿಲ್ಲಿನಾಕಾರದ ಪಟ್ಟಿಗಳು ಒಂದಕ್ಕಿಂತ ಒಂದು ದೊಡ್ಡದಾಗಿ ಇಳಿದು, ನೀರಿನ ಗೆರೆಯನ್ನು ದಾಟಿ ಹಾವಿನವರೆಗೂ ಬರಲಿ. ಅದೇ ಭೀಮ. ದಡದಲ್ಲೇ ಪಟ್ಟಿ ನಿಂತರೆ ಕೂಗು ಕೇಳಿಸಲೇ ಇಲ್ಲ ಎಂದಾಗುತ್ತದೆ. ಹೆಚ್ಚಿನ ಮಕ್ಕಳು ಎಡವುವುದು ಇಲ್ಲೇ. ಬೆವರಿಗೆ, ಕಾಗದಕ್ಕೆ ತೂತು ಹಾಕುವ ಪಂಚಿಂಗ್ ಮಷಿನ್‌ನಿಂದ ಉದುರುವ ಬಿಳಿ ಚೂರುಗಳು ಸಾಕು. ಹತ್ತು-ಹನ್ನೆರಡು ಚೂರುಗಳನ್ನು ಹಾವಿನ ಮೈಗೆ ತಾಗಿಸಿಯೇ ಅಂಟಿಸಿ. ನೀರಿನ ತುಂಬ ಚೆಲ್ಲಿದರೆ ಅವು ಗುಳ್ಳೆಗಳಾಗಿ ಕಾಣುತ್ತವೆ, ಪದ್ಯದ ಬೆರಗೇ ಹೋಗುತ್ತದೆ.

ಒಂದು ಎಚ್ಚರ: ಗಾಳಿಪಟದ ತೆಳು ಕೆಂಪು ಕಾಗದವನ್ನು ನೀಲಿಯ ಮೇಲೆ ನೇರವಾಗಿ ಅಂಟಿಸಿದರೆ ಕೆಳಗಿನ ಬಣ್ಣ ತೂರಿಬಂದು ಕೆಂಪು ಕಪ್ಪಾಗಿ ಕಾಣುತ್ತದೆ. ಅಡಿಗೆ ಅದೇ ಅಳತೆಯ ಬಿಳಿ ಕಾಗದ ಹಾಕಿ. ಅಂಟು ನೀರಾದರೆ ಸುಕ್ಕು ಏಳುತ್ತದೆ, ಅಂಚಿಗಷ್ಟೇ ಸವರಿ.

ಪ್ರಶ್ನೆ: ಹಸಿರು ಸಾತ್ವಿಕರ ಬಣ್ಣ ಎನ್ನುತ್ತಾರೆ. ಹಾಗಿದ್ದರೆ ಕಥಕಳಿಯಲ್ಲಿ ದುರ್ಯೋಧನನ ಮುಖ ಯಾಕೆ ಹಸಿರು?
– ಓದುಗ, ಕಾಸರಗೋಡು

ಉತ್ತರ: ಅವನದು ಸೊಕ್ಕಿನ ಪಾತ್ರಗಳಿಗೆ ಹಾಕುವ ಕತ್ತಿ ವೇಷ. ಭೀಮನದು ಸಾತ್ವಿಕ ವೀರರ ಪಚ್ಚ ವೇಷ. ಇಬ್ಬರ ಮುಖಕ್ಕೂ ಹಸಿರೇ ಹಿನ್ನೆಲೆ, ಇಬ್ಬರೂ ಉತ್ತಮ ಕುಲದವರಲ್ಲವೇ? ಬೇರೆ ಮಾಡುವುದು ಆಕಾರ. ದುರ್ಯೋಧನನ ಕೆನ್ನೆಯ ಮೇಲೆ ಬಿಳಿ ಅಂಚಿನ ಕೆಂಪು ಕತ್ತಿ ಮೇಲ್ಮುಖವಾಗಿ ಬಾಗಿರುತ್ತದೆ. ಮೂಗಿನ ತುದಿಗೂ ಹಣೆಗೂ ಬಿಳಿಯ ಗುಂಡು. ಹುಟ್ಟನ್ನು ಹಸಿರು ಹೇಳಿದರೆ ಸೊಕ್ಕನ್ನು ಕತ್ತಿ ಹೇಳುತ್ತದೆ. ಒಂದೇ ಬಣ್ಣ ನೋಡಿ ಪಾತ್ರವನ್ನು ಅಳೆಯಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು. ನಮ್ಮ ಯಕ್ಷಗಾನದಲ್ಲೂ ಅಭಿಮನ್ಯುವಿನ ಎಳೆಹರೆಯವನ್ನು ಹೇಳುವುದು ಕೇದಗೆ ಮುಂದಲೆ ಎಂಬ ತಲೆಯುಡುಗೆಯ ಆಕಾರವೇ.

ಪ್ರಶ್ನೆ: ಕಥೆಯ ನಡುವೆ ಪಾತ್ರ ಬದಲಾದರೆ ಬಣ್ಣವನ್ನೂ ಬದಲಿಸಬೇಕೇ?
– ಬಿ.ಇಡಿ. ವಿದ್ಯಾರ್ಥಿ, ಧಾರವಾಡ

ಉತ್ತರ: ಬೇಡ. ಬಣ್ಣ ಬದಲಾದರೆ ನೋಡುವವರಿಗೆ ಬೇರೆ ಯಾರೋ ಬಂದಂತಾಗುತ್ತದೆ. ಬಣ್ಣ ಹಾಗೇ ಇರಲಿ, ಆಕಾರ ಮುರಿಯಿರಿ. ಕರ್ಣನಿಗೆ 8 ಸೆಂ.ಮೀ. ವ್ಯಾಸದ ಜೇನುಹಳದಿ ವೃತ್ತ; ಅದೇ ಕಾಗದದ ಒಂದೂವರೆ ಸೆಂ.ಮೀ. ಅಗಲದ ಬಳೆ ಅದರ ಸುತ್ತ, ಅದು ಹುಟ್ಟುಕವಚ. ಕವಚವನ್ನು ಇಂದ್ರನಿಗೆ ಕೊಟ್ಟ ನಂತರದ ಚಿತ್ರದಲ್ಲಿ ಬಳೆಯನ್ನು ಕತ್ತರಿಸಿ ದೂರದ ಮೂಲೆಗೆ ಸರಿಸಿ. ವೃತ್ತದ ಅಂಚನ್ನು ಕತ್ತರಿಯಿಂದ ನುಣುಪು ಮಾಡದೆ ಕೈಯಿಂದ ಹರಿದರೆ ಇನ್ನೂ ಚೆನ್ನ, ಕವಚ ಮೈಯಿಂದಲೇ ಕಿತ್ತುಬಂದದ್ದು.

ಪ್ರಶ್ನೆ: ಇಂಥ ಚಾರ್ಟಿಗೆ ಅಂಕ ಕೊಡುವುದು ಹೇಗೆ?
– ಶಿಕ್ಷಕ, ತುಮಕೂರು

ಉತ್ತರ: ಚಾರ್ಟಿನ ಹಿಂದೆ ಪ್ರತಿ ಬಣ್ಣಕ್ಕೂ ಆಕಾರಕ್ಕೂ ಆಧಾರವಾದ ಪದ್ಯದ ಮಾತನ್ನು ಬರೆಸಿ. 10 ಅಂಕದಲ್ಲಿ 6 ಅದಕ್ಕೇ ಇಡಿ, ಅಚ್ಚುಕಟ್ಟಿಗೆ 2 ಸಾಕು, ಉಳಿದ 2 ಆಕಾರಗಳನ್ನು ಇಟ್ಟ ಜಾಗಕ್ಕೆ. ಆಮೇಲೆ ಚಾರ್ಟಿನ ಫೋಟೊ ತೆಗೆದು ಮೊಬೈಲಿನಲ್ಲಿ ಕಪ್ಪು-ಬಿಳುಪು ಮಾಡಿ ನೋಡಿ. ಕೆಂಪು, ಕಡುಹಸಿರು ಎರಡೂ ಒಂದೇ ಬೂದುಬಣ್ಣವಾಗಿ ಕಾಣುವುದುಂಟು. ಆಗಲೂ ಪಾತ್ರಗಳು ಬೇರೆಬೇರೆ ಗೊತ್ತಾದರೆ ಆಕಾರ ಗಟ್ಟಿಯಾಗಿದೆ. ಕೆಂಪು-ಹಸಿರು ಗುರುತಿಸಲಾಗದ ಮಗು ತರಗತಿಯಲ್ಲಿದ್ದರೆ ಅದಕ್ಕೂ ಇದೇ ದಾರಿ.